ನೀಲಗಾರರ ಬೀದಿಯ ತಮಟೆ

ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಬಿಸಿ ಮಾಡಿದರೇನೇ ಅದು ಬಾಯಿಬಿಡುವುದು. ತಣ್ಣಗಿನ ತಮಟೆಯ ಮಾತನ್ನು ನಾಯಿಯೂ ಕೇಳುವುದಿಲ್ಲ. ನಮ್ಮೂರಿನಲ್ಲಿ ಸರ್ಕಾರದ ಹೊಸ ಕಟ್ಟಳೆ ಯಾವುದಿದ್ದರೂ ನಾನು ಡಂಗುರ ಸಾರಿದ ಮೇಲೆಯೇ ಜನಕ್ಕೆ ತಿಳಿಯುತ್ತಿತ್ತು. ಜಂಬವಿತ್ತು ನನಗೆ, ಇಲ್ಲವೆನ್ನಲಾರೆ.

ಬಣ್ಣದ ನೀರನ್ನು ಇನ್ನು ಮುಂದೆ ಕಾಲುವೆಗೆ ಚೆಲ್ಲಕೂಡದು, ಚೆಲ್ಲಿದವರಿಗೆ ಮೂರು ತಿಂಗಳು ಸೆರೆ ಎಂಬ ಕಟ್ಟಳೆಯನ್ನು ಸಾರಿದವನೂ ನಾನೇ. ತಿಂಗಳು ಕಳೆಯುವುದರೊಳಗೆ ಸಾಕವ್ವ ಸಿಕ್ಕಿಬಿದ್ದಳು. ನೂಲಿಗೆ ನೀಲಿ ಹಾಕಿ ಬದುಕುವ ನೀಲಗಾರರವಳು. ಮನೆಯಲ್ಲಿ ಹಾಲು ಕುಡಿಯುವ ಕೂಸು.

"ನಮ್ಮತ್ತೆ ಕಾಲದಿಂದ್ಲೂ ಅಲ್ಲೇ ಚೆಲ್ಲೋದು ಬುದ್ದೀ. ಬೇಡ ಅಂತ ನಮಗ್ಯಾರು ಹೇಳಿದ್ರು?" ಎಂದಳು ಕಟಕಟೆಯಲ್ಲಿ, ನ್ಯಾಯಾಧೀಶರಿಗೆ ಕೈಮುಗಿದು.

ಬೇರೆ ಊರಿನಿಂದ ಬಂದು ಸರ್ಕಾರದ ಪರ ನಿಂತಿದ್ದ ಅಮಲ್ದಾರರು ನಕ್ಕರು. "ಸುಳ್ಳು. ಡಂಗುರದ ದಿನ ನೀಲಗಾರರ ಬೀದಿಯಲ್ಲಿ ತಮಟೆ ಕೇಳಿಸಿತೆಂದು ಐದು ಜನ ಸಾಕ್ಷಿ ನುಡಿದಿದ್ದಾರೆ. ಎಲ್ಲ ಬೀದಿಯಲ್ಲೂ ಸಾರಿದೆನೆಂದು ಇವನ ಹೆಬ್ಬೆಟ್ಟೂ ಇದೆ," ಎಂದು ತಮಟೆ ಹೆಗಲಿಗೇರಿಸಿ ನಿಂತಿದ್ದ ನನ್ನತ್ತ ಕೈ ತೋರಿದರು.

ಸಾಕ್ಷಿಗಳು ಸುಳ್ಳು ಹೇಳಿರಲಿಲ್ಲ. ಅಂದು ಆ ಬೀದಿಯಲ್ಲಿ ತಮಟೆ ಬಾರಿಸಿದವನು ನಾನೇ. ಸುಮ್ಮನಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಆದರೆ ಕಟಕಟೆಯನ್ನು ಬಿಗಿಹಿಡಿದಿದ್ದ ಆ ನೀಲಿ ಕೈಗಳನ್ನು ಕಂಡು ಮುಂದೆ ಬಂದೆ. ಥೂ, ಹೆತ್ತವಳನ್ನು ಸೆರೆಗೆ ಕಳಿಸಿ ಉಣ್ಣುವ ಅನ್ನ ಒಂದು ಅನ್ನವೇ!

"ಅವತ್ತಿನ ತಮಟೇನ ಇಲ್ಲೇ ಬಾರಿಸ್ತೀನಿ, ಅಪ್ಪಣೆ ಕೊಡಿ ಬುದ್ದೀ," ಎಂದೆ. ನ್ಯಾಯಾಧೀಶರು ನನ್ನನ್ನೇ ನೋಡಿ, ಆಗಲಿ ಎಂದರು.

ಅಂಗಳದಲ್ಲಿ ಬೆಂಕಿ ಹಾಕಿ ತಮಟೆ ಕಾಯಿಸಿಕೊಂಡು ಬಂದು ಬಡಿದೆ. ನಿಧಾನವಾದ, ಭಾರವಾದ ಬಡಿತ. ನಾಲ್ಕು ಏಟು ಬೀಳುವಷ್ಟರಲ್ಲಿ ಕೂತಿದ್ದ ಊರವರೆಲ್ಲ ಎದ್ದು ಕೈಮುಗಿದರು. ಸಾಕವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟಳು.

"ನಾವು ಕೇಳಿದ್ದೂ ಇದನ್ನೇ," ಎಂದ ಸಾಕ್ಷಿಗಳಲ್ಲೊಬ್ಬ. "ಯಾವ ಬಡಿತ ಅಂತ ಯಾರು ಕೇಳಿದ್ರು ನಮ್ಮನ್ನ?"

"ಇದು ಹೆಣ ಎತ್ತೋ ಬಡಿತ ಬುದ್ದೀ," ಎಂದೆ. "ಅವತ್ತು ಇವಳ ಅತ್ತೆ ತೀರಿಕೊಂಡಿದ್ರು. ಸೂತಕ ಕಳೆಯೋತನಕ ಆ ಬೀದೀಲಿ ಡಂಗುರ ಸಾರೋ ಹಾಗಿಲ್ಲ, ಅದು ನಮ್ಮ ಪದ್ಧತಿ. ಆಮೇಲೆ ಹೋಗಿ ಸಾರಬೇಕಿತ್ತು, ಮರೆತೆ. ಹೆಬ್ಬೆಟ್ಟು ಮಾತ್ರ ಮೊದಲೇ ಒತ್ತಿಬಿಟ್ಟಿದ್ದೆ. ತಪ್ಪು ನಂದು, ಶಿಕ್ಷೆ ಅವಳಿಗ್ಯಾಕೆ?"

ಅಮಲ್ದಾರರು ಕಾಗದ ಮಡಿಚಿಟ್ಟರು.

"ಕಿವಿಗೆ ಬೀಳದ ಕಟ್ಟಳೆಯನ್ನು ಮೀರಿದಳೆಂದು ಸೆರೆಗೆ ಹಾಕಲಾರೆ. ಬಿಡಿ ಇವಳನ್ನು," ಎಂದರು ನ್ಯಾಯಾಧೀಶರು. ಬಳಿಕ ನನ್ನತ್ತ ತಿರುಗಿದರು. "ಸುಳ್ಳು ಹೆಬ್ಬೆಟ್ಟಿಗೆ ನಿನ್ನ ಕೆಲಸ ಹೋಯಿತು. ಆದರೆ ಒಂದು ಬೀದಿ ಬಾಕಿ ಇದೆಯಲ್ಲ, ಅದನ್ನು ಮುಗಿಸಿ ಹೋಗು."

ಅಂದೇ ಸಂಜೆ ನೀಲಗಾರರ ಬೀದಿಯ ತುದಿಯಲ್ಲಿ ಹುಲ್ಲು ಹೊತ್ತಿಸಿದೆ. ಅಷ್ಟು ಗಟ್ಟಿಯಾಗಿ ನಾನು ಹಿಂದೆಂದೂ ಸಾರಿರಲಿಲ್ಲ. ಬಣ್ಣದ ನೀರಿನ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಬಾಗಿಲಿಗೆ ಬಂದಿದ್ದ ಸಾಕವ್ವ ಕೊನೆಯ ಮಾತಿನವರೆಗೂ ನಿಂತು ಕೇಳಿದಳು.

"ಕೇಳಿಸ್ತು ಕಣಣ್ಣಾ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಕೊಡವನ್ನು ಹಿತ್ತಿಲಿಗೆ ಹೊತ್ತು ನಡೆದಳು.

ನನ್ನ ಕಂಕುಳಲ್ಲಿ ತಮಟೆ ಇನ್ನೂ ಬಿಸಿಯಾಗಿತ್ತು.