ಖಾರದ ಪುಡಿಗೆ ಕುಂಕುಮ ಏರಿಸಿದ ಗ್ಯಾನಮ್ಮ

ಮಸ್ಕಿ ಸಂತೆಯಲ್ಲಿ ಗ್ಯಾನಮ್ಮ ಖಾರದ ಪುಡಿಯ ಚೀಲ ಬಿಚ್ಚಿದರೆ ಸಿಂಧನೂರು ಸ್ಟ್ಯಾಂಡಿನಲ್ಲಿ ನಿಂತ ಬಸ್ಸು ಸೀನುತ್ತಿತ್ತು. ಕಂಡಕ್ಟರಲ್ಲ, ಬಸ್ಸೇ! ಮೆಣಸಿನಕಾಯಿ ಒಣಗಿಸಿ, ತೊಟ್ಟು ಮುರಿದು, ಸ್ವಂತ ಗಿರಣಿಯಲ್ಲಿ ಬೀಸಿ ಮಾರುವವಳು ಅವಳು. ಕಲಬೆರಕೆ ಎಂದವರ ಮುಖಕ್ಕೆ ಒಂದು ಹಿಡಿ ಎರಚಲೂ ಹೇಸುವವಳಲ್ಲ.

ಎದುರಿಗೇ ಗಾದಿಲಿಂಗನ ಕಿರಾಣಿ ಅಂಗಡಿ. ಅವನ ಪಾಕೀಟಿನ ಖಾರವನ್ನು ಯಾರೂ ಮೂಸುತ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ಅವನೇ ದೂರು ಕೊಟ್ಟ. ಆಹಾರ ಸುರಕ್ಷತೆಯ ಅಧಿಕಾರಿ ಪ್ರಿಯಾಂಕಾ ಮೇಡಂ ಜೀಪಿನಿಂದ ಇಳಿದು, ಗಾಜಿನ ಲೋಟದ ನೀರಿಗೆ ಗ್ಯಾನಮ್ಮನ ಪುಡಿ ಉದುರಿಸಿದರು. ಕೆಂಪು ಗೆರೆಗಳು ಹಾವಿನ ಮರಿಗಳಂತೆ ಕೆಳಗಿಳಿದವು.

"ನೋಡ್ರೀ ಮೇಡಂ, ಹೋಳಿ ಆಡಾಕತ್ತೈತಿ!" ಎಂದ ಗಾದಿಲಿಂಗ.

"ಲೇ, ನಿನ್ನ ನಾಲಿಗಿ ಇದರಾಗ ಅದ್ದತೀನಿ ನೋಡು!" ಗ್ಯಾನಮ್ಮ ಗುಡುಗಿದಳು.

"ಅಮ್ಮಾ, ಬಣ್ಣ ಬಿಟ್ಟೈತಿ," ಎಂದರು ಮೇಡಂ. "ಮಾರಂಗಿಲ್ಲ. ಕೇಸಾದ್ರ ಲೈಸೆನ್ಸೂ ಹೋಗತೈತಿ. ಏನ್ ಬೆರಸಿದಿ?"

ಲೈಸೆನ್ಸು ಹೋದರೆ ಗಿರಣಿಗೆ ಬೀಗ, ಹೆಸರಿಗೆ ಮಸಿ. ಬೆಳಿಗ್ಗೆ ಮಾಡಿದ್ದು ಆಗ ಗ್ಯಾನಮ್ಮನಿಗೆ ನೆನಪಾಯಿತು.

"ಚೀಲ ಬಿಚ್ಚಿದ ಕೂಡ್ಲೆ ಕುಂಕುಮ ಏರಸ್ತೀನ್ರೀ. ನಮ್ಮತ್ತೀನೂ ಹಂಗ ಮಾಡ್ತಿದ್ಲು."

"ಎಷ್ಟು?"

"ದೇವರಿಗೆ ಯಾರರ ತೂಗಿ ಕೊಡ್ತಾರೇನ್ರೀ? ಹಿಡಿ ತುಂಬ."

"ಅದು ಹಣಿಗೆ ಹಚ್ಚೋ ಬಣ್ಣ, ಹೊಟ್ಟಿಗಲ್ಲ. ಭಕ್ತೀಲೆ ಹಾಕಿದ್ರೂ ಕಾಯ್ದೇಕ ಅದು ಕಲಬೆರಕೆನ."

"ದೇವರಿಗಿಂತ ದೊಡ್ಡದೇನ್ರೀ ನಿಮ್ ಕಾಯ್ದೆ?"

"ಮಂದಿ ಹೊಟ್ಟಿ ವಿಷಯದಾಗ ಹೌದು," ಎಂದರು ಮೇಡಂ, ಕಣ್ಣು ಮಿಟುಕಿಸದೆ. "ಪೂಜಿ ಆಗದ ಚೀಲ ಐತೇನು? ಅದನ್ನ ಬಿಚ್ಚು."

ಇನ್ನೊಂದು ಚೀಲವೇನೋ ಇತ್ತು. ಕುಂಕುಮವಿಲ್ಲದೆ ಚೀಲದ ಬಾಯಿ ತೆರೆದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಹಗ್ಗದ ಮೇಲೆ ಗ್ಯಾನಮ್ಮನ ಕೈ ಕಲ್ಲಾಯಿತು.

"ಯಾಕ ಬೇ, ಒಳಗೂ ಬಣ್ಣ ಐತೇನು?" ಗಾದಿಲಿಂಗ ಕೆಣಕಿದ.

ಅವಳು ಹಲ್ಲಿನಿಂದಲೇ ಹಗ್ಗ ಹರಿದಳು. ಮೇಡಂ ಹೊಸ ಲೋಟಕ್ಕೆ ಪುಡಿ ಉದುರಿಸಿದರು. ಪುಡಿ ತೇಲಿತು, ಮೆಲ್ಲಗೆ ತಳಕ್ಕಿಳಿಯಿತು. ಒಂದೇ ಒಂದು ಗೆರೆ ಹರಿಯಲಿಲ್ಲ.

ಎರಡೂ ಚೀಲದ ಸ್ಯಾಂಪಲ್ಲಿಗೆ ಮೇಡಂ ಅರಗಿನ ಮುದ್ರೆ ಒತ್ತಿದರು. "ಇದನ್ನ ಮಾರು. ಅದನ್ನ ಈಗ, ನನ್ನ ಮುಂದನ ಮಣ್ಣಾಗ ಹಾಕು. ನೋಟಿಸಂತೂ ತಪ್ಪಂಗಿಲ್ಲ."

ಗ್ಯಾನಮ್ಮ ಯಾರನ್ನೂ ಕರೆಯದೆ ಚೀಲ ಎಳೆದೊಯ್ದು, ಪಕ್ಕದಲ್ಲೇ ಇದ್ದ ತನ್ನ ಗಿರಣಿಯ ಹಿಂದೆ ಗುಂಡಿ ತೋಡಿ ಸುರಿದಳು. ಆ ನೆಲದ ಇರುವೆಗಳು ಮೊಟ್ಟೆ ಹೊತ್ತುಕೊಂಡು ಲಿಂಗಸುಗೂರಿನ ರಸ್ತೆ ಹಿಡಿದವು. ಸಂತೆಯ ಮಂದಿ ಸೆರಗು, ಟವೆಲ್ಲು ಮೂಗಿಗೊತ್ತಿಕೊಂಡು ಸುತ್ತ ನಿಂತರು. ಗಾದಿಲಿಂಗ ಎಲ್ಲರಿಗಿಂತ ಮುಂದೆ, ಹಲ್ಲು ಕಿರಿಯುತ್ತ.

"ಬಾರಲೇ ಗಾದಿಲಿಂಗ," ಗ್ಯಾನಮ್ಮ ಸಲಿಕೆ ಚಾಚಿದಳು. "ಕುಂಕುಮ ನಿನ್ನ ಅಂಗಡೀದು. ಸತ್ತದ್ದು ನಿಂದೂ ಐತಿ ಇದರಾಗ. ಒಂದು ಹಿಡಿ ಮಣ್ಣ ನೀನೂ ಹಾಕಿ ಹೋಗು."

ಮೂಗು ಮುಚ್ಚಿಕೊಂಡ ಸಂತೆಯೆಲ್ಲ ಅವನತ್ತ ತಿರುಗಿತು. ಗಾದಿಲಿಂಗ ಮಣ್ಣು ಮುಟ್ಟಲಿಲ್ಲ. ಮೇಡಂ ಕಣ್ಣಿಗೆ ಬೀಳುವ ಮೊದಲೇ ಕುಂಕುಮದ ಡಬ್ಬಿಯ ಮೇಲೆ ಗೋಣಿತಟ್ಟು ಎಳೆಯಲು ಅಂಗಡಿಗೆ ಓಡಿದ.