ಹಂಪಿನ ಮೇಲೆ ಹುರುಳಿ

ಅಂಗಳಕ್ಕೆ ಸಗಣಿ ನೀರು ಎರಚಿ ಇನ್ನೂ ಪೊರಕೆ ಹಿಡಿದಿರಲಿಲ್ಲ, ಪಕ್ಕದ ಮನೆಯ ಗಂಗುಲಮ್ಮ ಬೇಲಿಯಾಚೆಯಿಂದ ಕೂಗಿದಳು.

“ಶಿವಲಕ್ಷ್ಮಕ್ಕೋ! ಇಂಜಿನೀರ್ ಸಾರು ಈವತ್ತೇ ಬತ್ತಾರಂತೆ. ನಿಮ್ಮ ಭಾವ ಮಾಡಿರೋ ಕೆಲ್ಸ ನೋಡ್ಬಾ, ಹಂಪೇ ಕಾಣ್ತಿಲ್ಲ!”

ನೀರಿನ ಬಿಂದಿಗೆ ಅಲ್ಲೇ ಬಿಟ್ಟು ಹೊರಟೆ. ಹಲ್ಲುಜ್ಜುತ್ತಿದ್ದ ಮಗಳು ಭ್ರಮರ ಬಾಯಿ ಮುಕ್ಕಳಿಸಿದಂತೆ ಮಾಡಿ ನನ್ನ ಸೆರಗು ಹಿಡಿದು ಹಿಂದೆ ಬಂದಳು.

ನಮ್ಮೂರು ಆಂಧ್ರದ ಕಲ್ಯಾಣದುರ್ಗದಿಂದ ಬೆಳುಗುಪ್ಪಕ್ಕೆ ಹೋಗುವ ರಸ್ತೆಯಲ್ಲಿದೆ. ಮನೆಗಳು ಈಚೆ, ಶಾಲೆ ಆಚೆ. ಹಿಂದಿನ ವರ್ಷ ಶಾಲೆ ಬಿಟ್ಟು ಬರುವಾಗ, ಜನ ತುಂಬಿಕೊಂಡಿದ್ದ ಜೀಪೊಂದು ಭ್ರಮರಳನ್ನು ಸವರಿಕೊಂಡು ಹೋಗಿತ್ತು. ಮುರಿದ ಕೈ ಹಿಂದೂಪುರದ ನನ್ನ ತವರಿನಲ್ಲಿದ್ದಾಗ ಕೂಡಿಕೊಂಡಿತು. ಮಾತು ಮಾತ್ರ ಮನೆಯೊಳಗೇ ಉಳಿದುಬಿಟ್ಟಿತು. ಹೊಸ್ತಿಲು ದಾಟಿದರೆ ನನ್ನ ಕಿವಿಯಲ್ಲಷ್ಟೇ ಪಿಸುಗುಟ್ಟುವಳು. ರಸ್ತೆಗೆ ಕಾಲಿಟ್ಟೊಡನೆ ಕಣ್ಣು ಮುಚ್ಚಿಕೊಳ್ಳುವಳು. ಒಲೆಯ ಮೇಲೆ ಏನಿದ್ದರೂ ಇಳಿಸಿಟ್ಟು ನಾನೇ ಹೋಗಿ ದಾಟಿಸುತ್ತಿದ್ದೆ. ಅದಕ್ಕೆ ಬೇಸರವೇನಿಲ್ಲ. ಆದರೆ ಕಣ್ಣು ಮುಚ್ಚಿ ದಾಟುವ ಮಗುವಿನ ಕೈಯನ್ನು ತಾಯಿ ಎಲ್ಲಿಯವರೆಗೆ ಹಿಡಿದಿರಬಲ್ಲಳು?

ಈ ವರ್ಷ ಶಾಲೆ ಮುಂದಿನ ರಸ್ತೆಗಳಿಗೆಂದು ಸರ್ಕಾರದಿಂದ ಗ್ರಾಂಟು ಬಂತು. ಮೊದಲ ಕಂತಿನಲ್ಲಿ ಬೆಳುಗುಪ್ಪ ಕಡೆಯಿಂದ ಬರುವ ಗಾಡಿಗಳ ವೇಗ ತಗ್ಗಲೆಂದು ರಸ್ತೆಗೆ ಅಡ್ಡವಾಗಿ ಉಬ್ಬು ಎಬ್ಬಿಸಿ ಒಂದು ಹಂಪು ಹಾಕಿದರು. ಊರವರು ಅದನ್ನು ಸರಿಯಾಗಿ ಇಟ್ಟುಕೊಂಡಿದ್ದಾರೆಂದು ಇಂಜಿನಿಯರು ಕಂಡು ಬರೆದರೆ, ಕಲ್ಯಾಣದುರ್ಗದ ಕಡೆಗೂ ಒಂದು ಹಂಪು, ನಡುವೆ ಮಕ್ಕಳು ದಾಟಲು ಬಿಳಿ ಪಟ್ಟೆ. ಇಲ್ಲದಿದ್ದರೆ ಉಳಿದ ಗ್ರಾಂಟು ಬೇರೆ ಊರಿಗೆ.

ಹೋಗಿ ನೋಡಿದರೆ ಹಂಪಿನ ಮೇಲೆ ಮೊಣಕಾಲೆತ್ತರ ಹುರುಳಿ ಗಿಡ! ಸುಗ್ಗಿಯಲ್ಲಿ ಟಾರು ರಸ್ತೆಗೆ ಹುರುಳಿ ಹರಡಿ, ಬಸ್ಸು ಲಾರಿಗಳಿಂದ ತುಳಿಸಿ ಕಾಳು ಬಿಡಿಸುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ನನ್ನ ಗಂಡನ ಅಣ್ಣ ಕದಿರಣ್ಣ ಕೋಲಿನಿಂದ ಗಿಡ ಮಗುಚುತ್ತಾ ನಿಂತಿದ್ದರು.

“ಇದೇನು ಭಾವ, ಅಷ್ಟುದ್ದ ರಸ್ತೆ ಬಿಟ್ಟು ಇಲ್ಲೇ ಹಾಕಿದ್ದೀರಲ್ಲ?”

“ಇಲ್ಲಿ ಗಾಡಿ ನಿಧಾನಕ್ಕೆ ಹತ್ತಿ ಇಳೀತದೆ ಕಣಮ್ಮ. ಕಾಳು ಒಡೆಯಲ್ಲ, ಎರಡೂ ಮಗ್ಗುಲಿಗೆ ತಾನೇ ಜಾರಿ ಗುಡ್ಡೆ ಬೀಳ್ತದೆ. ಸರ್ಕಾರದೋರು ನಮ್ಗೆ ಕಣ ಕಟ್ಕೊಟ್ಟವ್ರೆ!”

“ಅಂಗಾದ್ರೆ ಕಾಳು ತೂರಾಕೆ ಒಂದು ಫ್ಯಾನೂ ಕೇಳ್ಬುಡಣ್ಣೋ,” ಎಂದಳು ಗಂಗುಲಮ್ಮ.

“ಭಾವ, ಸಾರು ಇದ್ನ ನೋಡಿದ್ರೆ ಆ ಕಡೆ ಹಂಪು ಬರಲ್ಲ. ತೆಗೀರಿ.”

“ಮಧ್ಯಾನ್ನದ ಬಸ್ಸೊಂದಾದ್ರೂ ತುಳ್ಕೊಂಡು ಹೋಗ್ಲಿ ತಾಳಮ್ಮ.”

ನಾನೇ ಬಗ್ಗಿ ಒಂದು ತೆಕ್ಕೆ ಗಿಡ ಎತ್ತಿದೆ. ಅಷ್ಟರಲ್ಲಿ ಬೆಳುಗುಪ್ಪ ಕಡೆಯಿಂದ ಜೀಪೊಂದು ಬಂತು. ಗಿಡದಡಿ ಹಂಪಿರುವುದು ಡ್ರೈವರಿಗೆ ಹೇಗೆ ಗೊತ್ತಾಗಬೇಕು? ಭ್ರಮರಳನ್ನು ಎಳೆದುಕೊಂಡು ಪಕ್ಕಕ್ಕೆ ಹಾರಿದೆ. ಜೀಪು ಬಂದ ವೇಗದಲ್ಲೇ ಏರಿ, ಎಗರಿ, ದಡಾರನೆ ಬಿದ್ದು ನಿಂತಿತು. ಇಳಿದವರು ಇಂಜಿನಿಯರು ತಿಪ್ಪೇರುದ್ರಪ್ಪನವರೇ. ನೆತ್ತಿ ಉಜ್ಜಿಕೊಳ್ಳುತ್ತಾ ತೆಲುಗಿನಲ್ಲಿ ಹಂಪು ಎಲ್ಲಯ್ಯಾ ಎಂದರು.

“ಇಪ್ಪುಡು ತಗಿಲಿಂದೇ ಸಾರ್, ಅದೇ!” ಈಗ ತಗುಲಿತಲ್ಲ, ಅದೇ ಎಂದು ಗಂಗುಲಮ್ಮ ತೋರಿಸಿದಳು. ಡ್ರೈವರೂ ನಕ್ಕ. ಅವರು ನಗದೆ ಕನ್ನಡಕ್ಕೆ ತಿರುಗಿದರು.

“ಮಕ್ಳು ದಾಟ್ಲಿ ಅಂತ ಕೊಟ್ಟ ಗ್ರಾಂಟಲ್ಲಿ ಹುರುಳಿ ಒಕ್ತಾ ಇದ್ದೀರ. ಮೇಲಿನೋರಿಗೆ ನಾನೇನಂತ ಬರೀಲಿ?”

ಭಾವ ಕೋಲು ಕೆಳಗಿಟ್ಟರು. ಆದರೂ ಬಿಟ್ಟುಕೊಡಲಿಲ್ಲ. “ಇನ್ನೆರಡು ದಿನ ಅಷ್ಟೇ ಸಾರ್. ಮೋಡ ಬೇರೆ ಕಟ್ಟೈತೆ, ಒಕ್ಕದೆ ನೆಂದ್ರೆ ಕೆಡ್ತದೆ. ಆಮೇಲೆ ನಿಮ್ಮ ಹಂಪನ್ನ ಗುಡಿಸಿ ಒಪ್ಪುಸ್ತೀನಿ.”

ಭ್ರಮರ ಸೆರಗು ಜಗ್ಗಿದಳು. ಬಗ್ಗಿದೆ. ಹಲ್ಲುಪುಡಿ ವಾಸನೆಯ ಬಿಸಿಯುಸಿರು ಕಿವಿಗೆ ತಾಕಿತು. ಅವಳು ಪಿಸುಗುಟ್ಟಿದ್ದನ್ನು ನಾನೇ ಎಲ್ಲರೆದುರು ಹೇಳಿಬಿಡಬಹುದಿತ್ತು; ಒಂದು ವರ್ಷದಿಂದ ಅವಳ ಮಾತೆಲ್ಲ ನಾನೇ ಆಡಿದ್ದೇನೆ. ಬಾಯಿ ತೆರೆದೂ ಇದ್ದೆ. ಆದರೆ ಅವಳ ಮುಖ ನೋಡಿ ಸುಮ್ಮನಾದೆ. ರಸ್ತೆಯ ಮೇಲೇ ನಿಂತಿದ್ದರೂ ಕಣ್ಣು ತೆರೆದೇ ಇತ್ತು.

“ನೀನೇ ಕೇಳಮ್ಮ,” ಎಂದೆ. “ನಿನ್ನ ದೊಡ್ಡಪ್ಪನೇ ತಾನೇ.”

ಒಲ್ಲೆನೆಂದು ತಲೆಯಾಡಿಸಿದಳು. ನಾನು ಅವಸರ ಮಾಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಅವಳ ಬಾಯಿಯ ಸುತ್ತ ಅಂಟಿದ್ದ ಹಲ್ಲುಪುಡಿ ಒರೆಸಿದೆ. ಇಂಜಿನಿಯರು ಏನೋ ಹೇಳಹೊರಟವರು ನನ್ನ ಕೈ ಸನ್ನೆ ನೋಡಿ ತಡೆದರು.

ಭ್ರಮರ ನನ್ನ ಸೆರಗು ಬಿಟ್ಟಳು. ಆಮೇಲೆ ಕದಿರಣ್ಣನವರ ಕಡೆ ತಿರುಗಿದಳು.

“ದೊಡ್ಡಪ್ಪಾ, ಆ ಎರಡು ದಿನ ನಾನು ಎಲ್ಲಿ ದಾಟ್ಲಿ?”