ಶುಭವಾರ್ತೆಯ ಕುರಿ

ಇದನ್ನು ಹೇಳಲು ನಾನು ತಕ್ಕವಳಲ್ಲ, ಕ್ಷಮಿಸಬೇಕು. ಹಗಲು ಬಟ್ಟೆ ಹೊಲಿಯುತ್ತ, ಸಂಜೆ ತರಗತಿಯಲ್ಲಿ ಪ್ರೋಗ್ರಾಮಿಂಗ್ ಕಲಿತವಳು ನಾನು. ಹೇಳಬೇಕಾದವರು ಎಲ್ಡಿಯಾರ್ ಬೈಕೆ. ನಮ್ಮ ಬಿಷ್ಕೆಕ್ ಆಫೀಸಿನ ಹಿರಿಯರು, ನನಗೆ ಅಣ್ಣನಂಥವರು; ಬೈಕೆ ಎಂದರೆ ಅಣ್ಣ ಎಂದೇ. ಅವರು ಹೇಳುವುದಿಲ್ಲ ಎಂದು ಗೊತ್ತಿರುವುದರಿಂದ ಹೇಳುತ್ತಿದ್ದೇನೆ.

ಶಾಲೆಗಳ ಬಾಯ್ಲರ್‌ಗೆ ಕೂರಿಸುವ ಒಂದು ಪುಟ್ಟ ಪೆಟ್ಟಿಗೆಯನ್ನು ನಾವು ಮಾಡುತ್ತೇವೆ. ಪೈಪಿನ ನೀರು ತಣ್ಣಗಾದರೆ ಅದು ಬಾಯ್ಲರಿನ ಬಿಸಿನೀರನ್ನು ತಳ್ಳುವ ಪಂಪನ್ನು ಓಡಿಸುತ್ತದೆ. ಕಳೆದ ಶರತ್ಕಾಲದಲ್ಲಿ, ಅಪಾಯವಾದರೆ ಫೋನಿಗೆ ಸಂದೇಶ ಕಳಿಸುವ ಕೆಲಸವನ್ನೂ ಅದಕ್ಕೆ ಕಲಿಸಹೊರಟೆವು. ಪ್ರೋಗ್ರಾಮು ದಪ್ಪಗಾಗಿ ಪೆಟ್ಟಿಗೆಯ ಚಿಪ್‌ನೊಳಗೆ ಹಿಡಿಸಲೇ ಇಲ್ಲ. ಕೊನೆಗೆ ಎಲ್ಡಿಯಾರ್ ಬೈಕೆ, ನಾವು ಬರೆದದ್ದನ್ನು ಚಿಪ್‌ನ ಭಾಷೆಗೆ ಇಳಿಸುವ ಕಂಪೈಲರ್‌ಗೆ ಒಂದು ಆಜ್ಞೆ ಕೊಟ್ಟರು: ಎಷ್ಟು ಸಾಧ್ಯವೋ ಅಷ್ಟು ಚಿಕ್ಕದು ಮಾಡು, ಕೆಲಸಕ್ಕೆ ಬಾರದ್ದನ್ನೆಲ್ಲ ಬಿಸಾಡು. ಪ್ರೋಗ್ರಾಮು ಅರ್ಧಕ್ಕಿಳಿಯಿತು. ಮೊದಲಿಗಿಂತ ಚುರುಕಾಗಿ ಓಡಿತು.

ಬೈಕೆ ಕೂತಲ್ಲಿಂದಲೇ ಮಾವನಿಗೆ ಫೋನು ಮಾಡಿ "ಸುಯುನ್ಚು!" ಎಂದು ಕೂಗಿದರು. ಶುಭವಾರ್ತೆ ತಂದವರು ಹಾಗೆ ಕೂಗಿದರೆ ಕೇಳಿದವರು ಉಡುಗೊರೆ ಕೊಡಲೇಬೇಕು. ಮಾವ ಸಗಿನ್‌ಬೆಕ್, ನಾವೆಲ್ಲ ಗೌರವದಿಂದ ಆತಾ, ಅಂದರೆ ತಂದೆ, ಎನ್ನುವವರು, ಬೆಟ್ಟದ ಊರಾದ ಅತ್‌ಬಾಶಿಯಲ್ಲಿ ಶಾಲೆಯ ಮುಖ್ಯಸ್ಥರು. ಮೊದಲ ಪೆಟ್ಟಿಗೆ ಹೋಗಬೇಕಾಗಿದ್ದದ್ದು ಅವರ ಶಾಲೆಗೇ. "ನನ್ನ ಅಳಿಯನಿಗೆ ಕುರಿ ಹಿಡಿಯೋಕೂ ಬರಲ್ಲ, ಕೂತು ಗುಂಡಿ ಒತ್ತೋಕೆ ಮಾತ್ರ ಬರುತ್ತೆ" ಎಂದು ಮದುವೆಯಾದಾಗಿನಿಂದ ಆಡಿಕೊಂಡವರು ಈಗ ಒಂದು ಇಡೀ ಕುರಿಯನ್ನೇ ಕಳಿಸಿದರು.

ಕುರಿ ಕಡಿಸಿ ಆಫೀಸಿನಲ್ಲೇ ಬೇಯಿಸಿದೆವು. ನನಗೆ ಸೊಂಟದ ಮೂಳೆ ಬಂತು. ಹಿರಿಯರಿಗೆ ಸಲ್ಲುವ ಭಾಗ ಅದು, ನನ್ನ ವಯಸ್ಸಿನವರಿಗೆ ಕೊಡುವುದಲ್ಲ. ಉಳಿದ ಮಾಂಸವನ್ನು ಫ್ರೀಜರಿಗೆ ತುಂಬಿದರು.

ಆ ಫ್ರೀಜರ್ ಇದ್ದದ್ದು ಪೆಟ್ಟಿಗೆಗಳ ಚಳಿ ಪರೀಕ್ಷೆಗೆ. ಪರೀಕ್ಷೆ ಮಾಡಬೇಕಾದವಳು ನಾನು.

"ಬೈಕೆ, ಪೆಟ್ಟಿಗೆ ಇಡೋಕೆ ಜಾಗ ಇಲ್ಲ" ಎಂದೆ.

"ಮಾಂಸ ಖಾಲಿ ಮಾಡು, ಜಾಗ ಆಗುತ್ತೆ! ಸಣಕಲಿ, ಎರಡು ದಿನ ಚೆನ್ನಾಗಿ ತಿನ್ನು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹೊರಗೆ ಇನ್ನೂ ಬೆಚ್ಚನೆಯ ಬಿಸಿಲಿತ್ತು. ಮಾಂಸ ಮುಗಿಯುವ ಮೊದಲೇ ಪೆಟ್ಟಿಗೆ ಅತ್‌ಬಾಶಿಯ ಕಾರು ಹತ್ತಿತು.

ಚಳಿ ಶುರುವಾದ ವಾರವೇ ಶಾಲೆಯ ಪೈಪುಗಳು ಹೆಪ್ಪುಗಟ್ಟಿ ಒಡೆದವು. ಮಕ್ಕಳು ಕೋಟು ಹಾಕಿಕೊಂಡೇ ಪಾಠ ಕೇಳುವಂತಾಯಿತು. ಆತಾ ಫೋನಿನಲ್ಲಿ ಗುಡುಗಿದರು: "ಬಾಯ್ಲರ್ ನೋಡ್ಕೊಳ್ಳೋ ಮಾಮಿರ್ ಕುಡಿದು ಮಲಗಿದ್ದಾನೆ, ಇನ್ನೇನು! ಅವನನ್ನ ತೆಗೆದುಹಾಕ್ತೀನಿ."

ಈಗ ಫ್ರೀಜರ್ ಖಾಲಿ ಇತ್ತು. ಅದೇ ಪ್ರೋಗ್ರಾಮಿರುವ ಇನ್ನೊಂದು ಪೆಟ್ಟಿಗೆಯನ್ನು ಅದರೊಳಗಿಟ್ಟೆ. ಮಂಜು ಹಿಡಿಯುತ್ತಿದ್ದರೂ ಅದು ನೀರು ಬೆಚ್ಚಗಿದೆ ಎಂದಿತು. ಹಳೆಯ ಬಿಲ್ಡನ್ನೂ, ಎಂದರೆ ಚಿಕ್ಕದು ಮಾಡುವ ಮೊದಲಿನ ಪ್ರೋಗ್ರಾಮನ್ನೂ, ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದು ಸಾಲು ಮಾಯವಾಗಿತ್ತು. ಸುಮ್ಮನೆ ಅಂಕಿ ಎಣಿಸುವ ಸಾಲು ಅದು. ಆ ಎಣಿಕೆಯನ್ನು ಬೇರೆಲ್ಲೂ ಬಳಸಿರಲಿಲ್ಲ. ಎಣಿಸಿ ಮುಗಿಯುವಷ್ಟು ಹೊತ್ತು ಕಾಯುವುದೇ ಅದರ ಕೆಲಸ. ನೀರಿನ ಬಿಸಿ ಅಳೆಯುವ ಸಂವೇದಕ ಚಳಿಯಲ್ಲಿ ನಿಧಾನವಾಗಿ ಉತ್ತರಿಸುತ್ತದೆ. ಕಾಯದಿದ್ದರೆ ಹಿಂದಿನ ಉತ್ತರವೇ ಮತ್ತೆ ಬರುತ್ತದೆ. ಕಂಪೈಲರ್‌ಗೆ ಅದು ವ್ಯರ್ಥವಾಗಿ ಕಂಡಿತ್ತು, ಕಿತ್ತುಹಾಕಿತ್ತು.

ಬೈಕೆ ಹಳೆಯ ಬಿಲ್ಡಿನ ಆ ಸಾಲಿನ ಮೇಲೆ ಬೆರಳಿಟ್ಟರು. "ಈ ಸಾಲು ನಾನೇ ಬರೆದದ್ದು. ಯಾಕೆ ಬರೆದೆ ಅನ್ನೋದನ್ನ ಪಕ್ಕದಲ್ಲಿ ಬರೆದಿಡಲಿಲ್ಲ."

"ಕಂಪೈಲರ್ ತಪ್ಪಲ್ವಾ?"

"ಅಲ್ಲಮ್ಮ. ಅದು ಹೇಳಿದ ಕೆಲಸ ಮಾಡ್ತು."

ಮರುದಿನ ಇಬ್ಬರೂ ಅತ್‌ಬಾಶಿಗೆ ಹೋದೆವು. ದಾರಿಯುದ್ದಕ್ಕೂ ಬೈಕೆ ಒಂದೇ ಮಾತಾಡಿದ್ದು: "ಮೊದಲು ಮಾಮಿರ್ ತಪ್ಪಿಲ್ಲ ಅಂತ ಹೇಳ್ಬೇಕು."

ಬಾಯ್ಲರ್ ಕೋಣೆಯಲ್ಲಿ ಮಾಮಿರ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಕೋಣೆಯ ಬೀಗದ ಕೈ ಆಗಲೇ ಆತಾ ಅವರ ಜೇಬು ಸೇರಿತ್ತು.

"ಆ ದಿನ ಒಂದು ಹನಿ ಕುಡಿದಿಲ್ಲ ಆತಾ" ಎಂದ ಮಾಮಿರ್. "ಒಲೆ ಉರೀತಾನೇ ಇತ್ತು. ಪಂಪು ಓಡಲಿಲ್ಲ."

"ಪಂಪು ಓಡಿಸೋದು ನನ್ನ ಅಳಿಯನ ಯಂತ್ರ. ಅದೇನು ನಿನ್ನ ಹಾಗೆ ಗೊರಕೆ ಹೊಡಿಯುತ್ತಾ?"

ಬೈಕೆ ಬಾಯಿ ತೆರೆದರು. ಹೊರಬಂದದ್ದು ಬೇರೆ ಮಾತು. "ಪೈಪುಗಳೂ ಹಳೇವು, ಆತಾ."

ಮಾಮಿರ್ ಒಮ್ಮೆ ಪೈಪನ್ನು, ಒಮ್ಮೆ ನಮ್ಮನ್ನು ನೋಡಿದ. ನಾನು ಬಗ್ಗಿ ತಂತಿ ಬಿಚ್ಚತೊಡಗಿದೆ. ಹಿರಿಯರ ಮುಂದೆ ನನ್ನಂಥವಳು ಮಾತಾಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಂಪ್ರದಾಯ ಆಗ ಎಷ್ಟು ಅನುಕೂಲವಾಗಿತ್ತು ಎಂದು ನೆನೆದರೆ ಈಗಲೂ ಮುಖ ಸುಡುತ್ತದೆ.

"ಇರಲಿ ಬಿಡು ಮಗಾ" ಎಂದರು ಆತಾ. "ಈ ಚಳಿಯಲ್ಲಿ ಅಷ್ಟು ದೂರದಿಂದ ಬಂದಿದ್ದೀರಿ. ನಿಮಗೋಸ್ಕರ ಇನ್ನೊಂದು ಕುರಿ ಹಿಡಿಸ್ತೀನಿ."

"ಬೇಡ!" ಬೈಕೆ ಎಷ್ಟು ಜೋರಾಗಿ ಕೂಗಿದರೆಂದರೆ ಮಾಮಿರ್ ಕೈಯಿಂದ ಟೋಪಿ ಬಿತ್ತು. "ಬೇಡ ಆತಾ. ಆ ಮೊದಲನೇ ಕುರಿನೇ ನಾನು ತಿನ್ನಬಾರದಿತ್ತು. ಯಂತ್ರ ಸುಳ್ಳು ಹೇಳ್ತು. ತಪ್ಪು ನನ್ನದು. ಚಳೀಲಿ ಇಟ್ಟು ನೋಡೋ ಮೊದಲೇ ಸುಯುನ್ಚು ಕೇಳಿದೆ. ನೋಡ್ಬೇಕಾಗಿದ್ದ ಫ್ರೀಜರಲ್ಲಿ ನಿಮ್ಮ ಕುರಿ ಮಾಂಸ ಇತ್ತು."

ಆತಾ ಜೇಬಿಗೆ ಕೈ ಹಾಕಿದರು. ಬೀಗದ ಕೈ ತೆಗೆದು, ಬೈಕೆಯ ಕಡೆ ನೋಡದೆ, ಮಾಮಿರ್‌ಗೆ ಕೊಟ್ಟರು.

"ಹಾಗಾದ್ರೆ ಗೊರಕೆ ಹೊಡೆದದ್ದು ನಾನಲ್ಲ" ಎಂದ ಮಾಮಿರ್. ಯಾರೂ ನಗಲಿಲ್ಲ.

ಈ ಸಾಲನ್ನು ಮುಟ್ಟಬೇಡ ಎಂದು ಕಂಪೈಲರ್‌ಗೆ ಹೇಳುವ ಒಂದು ಪದ ಸೇರಿಸಿ ಹೊಸ ಬಿಲ್ಡ್ ಹಾಕಿದೆವು. ಚಿಪ್‌ನಲ್ಲಿ ಹೇಗೋ ಹಿಡಿಸಿತು. ಆಮೇಲೆ ಚಹಾ ಕೊಟ್ಟರು. ಆತಾ ರೊಟ್ಟಿ ಮುರಿದು ಮೊದಲ ತುಂಡನ್ನು ಮಾಮಿರ್ ಮುಂದೆ ಇಟ್ಟರು. ಅಳಿಯನಿಗೆ ಕೊನೆಯ ತುಂಡು ಬಂತು. ಬೈಕೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಎರಡನೇ ಕುರಿಯ ಮಾತು ಬರದೇ ಹೋಗಿದ್ದರೆ ಬೈಕೆ ಬಾಯಿ ಬಿಡುತ್ತಿದ್ದರೇ? ಅವರು ಬಿಡದಿದ್ದರೆ, ನಾನು? ಬಿಡುತ್ತಿದ್ದೆ ಎಂದು ಹೇಳಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ನನಗೆ ಗೊತ್ತಿಲ್ಲ.